ಹಸಿರು ಬೆಟ್ಟಕ್ಕೆ ಹೊತ್ತೊಯ್ದ ಬುತ್ತಿ

ಕಾರಿನಲ್ಲಿ ನಾವು ನಾಲ್ಕು ಜನರಿದ್ದೆವು, ನಾಲ್ವರೂ ದಾವಣಗೆರೆ ಸೀಮೆಯ ನಾಲ್ಕು ತಾಲ್ಲೂಕಿನವರು. ಸ್ಟೇರಿಂಗ್ ಹಿಡಿದವನು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ರಫೀಕ್. ಅವನ ಪಕ್ಕದಲ್ಲಿ, ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆಂಬ ಕಾರಣಕ್ಕೆ ಮುಂದಿನ ಸೀಟನ್ನು ಜನ್ಮಸಿದ್ಧ ಹಕ್ಕಾಗಿ ಮಾಡಿಕೊಂಡಿದ್ದ ಹೊನ್ನಾಳಿಯ ರುದ್ರಣ್ಣ. ಹಿಂದೆ, ನ್ಯಾಮತಿ ಕಡೆಯ ಸೂರಗೊಂಡನಕೊಪ್ಪದ ಕುಮಾರ ನಾಯ್ಕ, ಅವನಿಗೆ ಒತ್ತಿಕೊಂಡು ಜಗಳೂರಿನ ನಾನು, ನನ್ನ ತೊಡೆಯ ಮೇಲೆ ಒಂದು ದೊಡ್ಡ ಸ್ಟೀಲ್ ಡಬ್ಬಿ. ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರಯಾಣಿಸುವವನ ಮುಖದಲ್ಲಿ ಒಂದು ಬಗೆಯ ರಾಜಗಾಂಭೀರ್ಯ ನೆಲೆಸುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ. ಮಧ್ಯಾಹ್ನದವರೆಗೆ ಎಲ್ಲರ ಪ್ರಾಣವೂ ತನ್ನ ಕೈಯಲ್ಲಿದೆ ಎಂಬ ಭಾವ ಅದು. ನನ್ನ ಮುಖದಲ್ಲೂ ಅಂದು ಅದು ಇದ್ದಿರಲೇಬೇಕು.

ನಾವು ಹೊರಟಿದ್ದು ಜಬಲ್ ಅಖ್ದರ್ ಎಂಬ ಗಿರಿಧಾಮಕ್ಕೆ. ಒಮಾನ್ ದೇಶದ ನಿಜ್ವಾ ಪಟ್ಟಣದ ಹೊರಗಿರುವ ನಮ್ಮ ಕಂಪನಿಯ ಕ್ಯಾಂಪಿನಿಂದ ಕಾಣುವ ಬೆಟ್ಟವೇ ಅದು. ಹೆಸರಿನ ಅರ್ಥ ಹಸಿರು ಬೆಟ್ಟ ಎಂದು. ಕೆಳಗಿನಿಂದ ನೋಡಿದವರಿಗೆ ಮಾತ್ರ ಸುಟ್ಟ ಇಟ್ಟಿಗೆಯ ಬಣ್ಣ. ರುದ್ರಣ್ಣ ಇಪ್ಪತ್ತೆರಡು ವರ್ಷ ಅದರ ಬುಡದಲ್ಲಿ ವೆಲ್ಡಿಂಗ್ ಮಾಡಿಸಿದವನು, ಒಮ್ಮೆಯೂ ಹತ್ತಿದವನಲ್ಲ. ಮುಂದಿನ ತಿಂಗಳು ಅವನು ಕೆಲಸ ಬಿಟ್ಟು ಊರಿಗೆ ಹೊರಡುವವನಿದ್ದ. ಹೋಗುವ ಮುನ್ನ ಮೇಲೊಮ್ಮೆ ತಂಪಿನಲ್ಲಿ ಕೂತು ಉಣ್ಣಬೇಕೆಂಬುದು ಅವನ ಆಸೆ. ಆ ಆಸೆಯ ಡಬ್ಬಿಯೇ ನನ್ನ ತೊಡೆಯ ಮೇಲಿದ್ದದ್ದು.

ಇಲ್ಲಿ ನನ್ನದೊಂದು ಗುಟ್ಟನ್ನು ನಿಮ್ಮ ಮುಂದೆ ಬಿಚ್ಚಲೇಬೇಕು. ರುದ್ರಣ್ಣನೂ ನಾನೂ ಏಳು ವರ್ಷ ಒಂದೇ ಕೋಣೆಯವರು. ನಾಲ್ಕು ವರ್ಷದ ಹಿಂದೆ, ನಾನು ಮಾಡಿದ ಬದನೆಕಾಯಿ ಎಣ್ಣೆಗಾಯಿ ತಿಂದ ಸಂಭ್ರಮದಲ್ಲಿ ಅವನು, “ಲೇ ಶೇಖರ, ಹೊನ್ನಾಳಿ ಬಸ್‌ಸ್ಟ್ಯಾಂಡ್ ಹತ್ರ ಒಂದ್ ಖಾನಾವಳಿ ಹಾಕೋಣ ಕಣಲೇ, ನೀನೂ ಬಂದುಬಿಡು” ಅಂದಿದ್ದ. ಅಂದವನು ಕೈ ತೊಳೆದು ಮಲಗಿದ. ನಾನು ಮಾತ್ರ ಅಂದಿನಿಂದ ಆ ಖಾನಾವಳಿಯಲ್ಲೇ ವಾಸ. ಗೋದಾಮಿನಲ್ಲಿ ಪೈಪು, ಬೋಲ್ಟುಗಳ ಲೆಕ್ಕ ಬರೆಯುತ್ತಿದ್ದರೂ ಮನಸ್ಸಿನಲ್ಲಿ ಬೆಂಚುಗಳನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸುತ್ತಿದ್ದೆ. ಮಂಗಳವಾರಕ್ಕೆ ಯಾವ ಪಲ್ಯ, ಸೋಮವಾರಕ್ಕೆ ಯಾವ ಸಿಹಿ ಎಂಬುದೂ ನಿಶ್ಚಯವಾಗಿತ್ತು. ರುದ್ರಣ್ಣ ಮತ್ತೆ ಆ ಮಾತೆತ್ತಲಿಲ್ಲ. ಆಡಿದ ಮಾತನ್ನು ಮತ್ತೆ ಮತ್ತೆ ಆಡುವ ಅಗತ್ಯವೇನಿದೆ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹೀಗಿರುವಾಗ ಕ್ರೇನ್ ಓಡಿಸಲು ಕುಮಾರ ನಾಯ್ಕ ಬಂದ. ಮೂವತ್ತರ ಪ್ರಾಯ, ಬಾಯಿ ತುಂಬ ನಗು. ಬಂದ ವಾರದಲ್ಲೇ ರುದ್ರಣ್ಣ ಅವನನ್ನು “ತಮ್ಮಾ” ಎಂದು ಕರೆಯತೊಡಗಿದ. ನಾನು ಏಳು ವರ್ಷವಾದರೂ “ಲೇ ಶೇಖರ” ಆಗಿಯೇ ಉಳಿದಿದ್ದೆ. ಇದೇಕೆ ಹೀಗೆ ಎಂದು ಒಮ್ಮೆ ಸುತ್ತಿ ಬಳಸಿ ಕೇಳಿದ್ದಕ್ಕೆ, “ನ್ಯಾಮತಿ ನಿನ್ನೆ ಮೊನ್ನೆ ತನಕ ನಮ್ ಹೊನ್ನಾಳಿ ತಾಲ್ಲೂಕೇ ಅಲ್ಲೇನಲೇ? ಮನಿ ಬ್ಯಾರೆ ಆದ್ರೆ ತಮ್ಮ ತಮ್ಮ ಅಲ್ದಂಗೆ ಆಗ್ತಾನಾ?” ಎಂದ. ಆಡಳಿತದ ಅನುಕೂಲಕ್ಕೆ ಸರ್ಕಾರ ತಾಲ್ಲೂಕು ಒಡೆದರೆ ಅದರ ಕಾವು ಕಡಲಾಚೆ ಜಗಳೂರಿನ ಒಬ್ಬ ಸ್ಟೋರ್‌ಕೀಪರನಿಗೆ ತಟ್ಟುತ್ತದೆಂದು ಯಾರಿಗೆ ಗೊತ್ತು! ಅಸೂಯೆ, ಮಾತ್ಸರ್ಯ ಎಂದೆಲ್ಲ ಹೇಳಿದರೆ ಅದಕ್ಕೆ ಶಾಲು ಹೊದಿಸಿ ಹಾರ ಹಾಕಿದಂತಾಗುತ್ತದೆ. ನನ್ನದು ಅಚ್ಚ ಕನ್ನಡದ ಹೊಟ್ಟೆಕಿಚ್ಚು. ಮೂರು ಹೊತ್ತು ಉರಿಯುತ್ತಿತ್ತು, ಊಟವಾದ ಮೇಲೆ ಇನ್ನೂ ಸ್ವಲ್ಪ ಜೋರಾಗಿ.

ಈ ಪ್ರವಾಸದಲ್ಲೇ ರುದ್ರಣ್ಣ ಖಾನಾವಳಿಯ ಮಾತು ಮುಗಿಸುತ್ತಾನೆಂದು ರಫೀಕ್ ನನ್ನ ಕಿವಿಯಲ್ಲಿ ಹೇಳಿದ್ದ. “ನೀನು, ಕುಮಾರ, ಇಬ್ರಾಗ ಯಾರನ್ನ ಕರೀತಾನೋ ಅಲ್ಲಾಗೇ ಗೊತ್ತು. ನೀ ಮಾತ್ರ ಅಡಿಗಿ ಚಲೋ ಮಾಡ್ಕೊಂಡು ಬಾ ಭಾಯ್.” ಆದ್ದರಿಂದಲೇ ನಾನು ನಸುಕಿನಲ್ಲೆದ್ದು ನನ್ನ ಅಜ್ಜಿಯ ಮೊಸರನ್ನವನ್ನು ಕಲಸಿದ್ದು.

ನಮ್ಮಜ್ಜಿಯ ಮೊಸರನ್ನಕ್ಕೆ ಮೊಸರು ಹಾಕುವುದಿಲ್ಲ. ಹಾಕಿದರೆ ಜಗಳೂರಿನ ಬಿಸಿಲಿನಲ್ಲಿ ಎರಡು ತಾಸಿಗೆ ಹುಳಿಯಾಗಿ ನಾಯಿಯೂ ಮೂಸುವುದಿಲ್ಲ. ಮೆತ್ತಗಿನ ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಕಲಸಿ, ಶುಂಠಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಕೊನೆಗೆ ಹೆಪ್ಪಿಗೆಂದು ಚೂರು ಮೊಸರು ಸೇರಿಸಬೇಕು. ದಾರಿಯುದ್ದಕ್ಕೂ ಬಿಸಿಲೇ ಅದನ್ನು ಮೊಸರನ್ನ ಮಾಡುತ್ತದೆ. ಅಜ್ಜಿ ಹೆಪ್ಪನ್ನು ಅಳೆಯುತ್ತಿದ್ದದ್ದು ದಾರಿಯಿಂದ. ಹೊಲಕ್ಕಾದರೆ ಒಂದು ಸೌಟು. ಜಗಳೂರಿನ ಸಂತೆಗಾದರೆ ಒಂದು ಚಮಚ. ದಾವಣಗೆರೆಯ ದೊಡ್ಡಾಸ್ಪತ್ರೆಗಾದರೆ ಬೆರಳು ಅದ್ದಿ ಒಂದೇ ಒಂದು ಹನಿ. ಉಣ್ಣುವ ಹೊತ್ತಿಗೆ ಸರಿಯಾಗಿ, ಸಿಹಿಗೂ ಹುಳಿಗೂ ನಡುವಿನ ಆ ಪುಣ್ಯಘಳಿಗೆಯಲ್ಲಿ ಬುತ್ತಿ ಬಿಚ್ಚಿಕೊಳ್ಳುತ್ತಿತ್ತು. ಬೆಳಗಿನಿಂದ ಮಧ್ಯಾಹ್ನ ಎರಡರವರೆಗಿನ ಹೊತ್ತನ್ನು ಲೆಕ್ಕ ಹಾಕಿ, ನಮ್ಮ ಬೆಟ್ಟವನ್ನು ದಾವಣಗೆರೆಗೆ ಸಮ ಮಾಡಿ, ಬೆರಳು ಅದ್ದಿ ಒಂದು ಹನಿ ಬಿಟ್ಟೆ.

ಬೆಟ್ಟದ ಬುಡದ ಚೌಕಿಯಲ್ಲಿ ಪೊಲೀಸರು ನಮ್ಮದು ಬೆಟ್ಟ ಹತ್ತಬಲ್ಲ ಗಾಡಿಯೇ ಎಂದು ನೋಡಿ ಮುಂದೆ ಬಿಟ್ಟರು. ರಫೀಕ್ ಏಸಿಯನ್ನು ಪೂರ್ತಿ ತಿರುಗಿಸಿದ. ದಾರಿ ಹಗ್ಗದಂತೆ ಸುತ್ತುತ್ತ ಏರಿತು. ರುದ್ರಣ್ಣ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸಿದ. ಮೇಲೆ ಬಾಗಿಲು ತೆರೆದಾಗ ಗಾಳಿ ಮುಖಕ್ಕೆ ತಣ್ಣೀರು ಎರಚಿದಂತೆ ಬಂತು. ಮೋಡ ಇಳಿದಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಪಾತಿಗಳಲ್ಲಿ ಗುಲಾಬಿ ಬಿರಿದಿತ್ತು, ಎಲ್ಲೋ ಪನ್ನೀರು ಇಳಿಸುತ್ತಿದ್ದ ಹೊಗೆಯ ವಾಸನೆ. ಏಳು ವರ್ಷದಿಂದ ಬೆವರುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ನನ್ನ ಮೈ ನಡುಗುವುದನ್ನು ಮರೆತೇಬಿಟ್ಟಿತ್ತು. ಹಲ್ಲುಗಳು ಮೊದಲಿಗೆ ನೆನಪಿಸಿಕೊಂಡವು. ರುದ್ರಣ್ಣ ಕಂಬಳಿ ಹೊದ್ದು ಬಂಡೆಯ ಮೇಲೆ ಕೂತು, ತಾನು ಇಷ್ಟು ವರ್ಷ ಬೆಂದ ಬಯಲನ್ನು ಮೇಲಿನಿಂದ ನೋಡಿದ. ಆಮೇಲೆ, “ಹಸಿವಾಗೈತೆ” ಎಂದ.

ನಾನು ಡಬ್ಬಿಯ ಮುಚ್ಚಳ ತೆಗೆದೆ.

ಹಾಲಿನಲ್ಲಿ ಅನ್ನ ಈಜುತ್ತಿತ್ತು. ಸಾಸಿವೆ, ಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಮೇಲೆ ತೇಲುತ್ತಿದ್ದವು. ಏಸಿ, ಮೋಡ, ಗಾಳಿ ಸೇರಿ ನನ್ನ ಒಂದು ಹನಿ ಹೆಪ್ಪನ್ನು ಎಚ್ಚರವಾಗಲು ಬಿಟ್ಟಿರಲೇ ಇಲ್ಲ. ಅಜ್ಜಿಯ ಲೆಕ್ಕದಲ್ಲಿ ದಾರಿಯಿತ್ತು, ಬಿಸಿಲಿತ್ತು. ಚಳಿ ಎಂಬುದೊಂದು ಇದೆ ಎಂದು ನಮ್ಮ ವಂಶದಲ್ಲಿ ಯಾರೂ ಎಣಿಸಿರಲಿಲ್ಲ.

ರಫೀಕ್ ಬಗ್ಗಿ ನೋಡಿದ. “ಏನ್ ಭಾಯ್ ಇದು, ಮೊಸರನ್ನಾನೋ, ಹಾಲನ್ನಾನೋ?”

“ಇನ್ನೂ ತೀರ್ಮಾನ ಆಗಿಲ್ಲ ಅಂತ ಕಾಣ್ತೈತೆ,” ಎಂದ ರುದ್ರಣ್ಣ. “ಉಪ್ಪು ಬ್ಯಾರೆ ಹಾಕಿದೀಯಲ್ಲೋ ಹಾಲಿಗೆ!”

ಆಗ ಕುಮಾರ, “ಇರ್ಲಿ ಬಿಡಣ್ಣಾ, ನಾನೂ ಒಂದೀಟು ತಂದೀನಿ” ಎನ್ನುತ್ತ ಡಿಕ್ಕಿಯಿಂದ ಸಣ್ಣ ಗ್ಯಾಸ್ ಒಲೆ, ಬಾಣಲೆ, ಎಣ್ಣೆ, ಕಡಲೆಹಿಟ್ಟು, ಮೆಣಸಿನಕಾಯಿ, ಊರಿಂದ ತರಿಸಿದ ಮಂಡಕ್ಕಿಯ ಚೀಲ ಇಳಿಸಿದ. ಗಾಳಿಗೆ ಕಂಬಳಿ ಅಡ್ಡ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ವೈರಿಯ ಒಲೆಗೆ ನಾನೇ ಗೋಡೆಯಾಗಿ ನಿಂತೆ. ಆ ಚಳಿಯಲ್ಲಿ, ಆ ಮೋಡದಲ್ಲಿ, ಬಾಣಲೆಯಿಂದ ನೇರ ಕೈಗೆ ಬಿದ್ದ ಮೆಣಸಿನಕಾಯಿ ಬಜ್ಜಿಯ ಎದುರು ಯಾವ ಪ್ರತಿವಾದಿ ನಿಲ್ಲುತ್ತಾನೆ ಹೇಳಿ! ಪಕ್ಕದಲ್ಲಿ ಚಾಪೆ ಹಾಸಿದ್ದ ಒಮಾನಿ ಕುಟುಂಬದವರು ಖರ್ಜೂರದ ತಟ್ಟೆ ಕಳಿಸಿ ಬಜ್ಜಿ ತರಿಸಿಕೊಂಡರು. ರುದ್ರಣ್ಣ ಏಳು ತಿಂದು ಕಣ್ಣೀರು ಒರೆಸಿಕೊಂಡು ಎಂಟನೆಯದಕ್ಕೆ ಕೈ ಚಾಚಿದ. ದೋಷ ಹುಡುಕಬೇಕೆಂಬ ಒಂದೇ ಉದ್ದೇಶದಿಂದ ನಾನು ಐದು ತಿಂದೆ. ಒಂದೂ ಸಿಗಲಿಲ್ಲ.

ಊಟದ ನಂತರ ರುದ್ರಣ್ಣ ಕುಮಾರನ ಹೆಗಲ ಮೇಲೆ ಕೈಯಿಟ್ಟು ಗುಲಾಬಿ ಪಾತಿಗಳ ಅಂಚಿಗೆ ಕರೆದೊಯ್ದ. ನಾನು ಬಾಣಲೆ ತಿಕ್ಕುತ್ತ ನೋಡುತ್ತಿದ್ದೆ. ಮಾತು ಕೇಳಿಸದ ದೂರ, ಅರ್ಥವಾಗದ ದೂರವಲ್ಲ. ರುದ್ರಣ್ಣ ಗಾಳಿಯಲ್ಲಿ ಕೈಯಾಡಿಸಿ ಗೋಡೆಗಳನ್ನು ಎಬ್ಬಿಸುತ್ತಿದ್ದ, ಬೆಂಚು ಹಾಕುತ್ತಿದ್ದ. ನಾನು ನಾಲ್ಕು ವರ್ಷ ಜೋಡಿಸಿದ್ದ ಖಾನಾವಳಿಯೊಳಗೆ ಇನ್ನೊಬ್ಬನನ್ನು ಓಡಾಡಿಸುತ್ತಿದ್ದ. ಆ ಬಾಣಲೆ ಅಷ್ಟು ಹೊಳೆದದ್ದು ಅದರ ಆಯುಷ್ಯದಲ್ಲಿ ಅದೇ ಮೊದಲು.

ಸಂಜೆ ಕೆಳಗಿಳಿದಾಗ ಬಯಲು ಕುಲುಮೆಯಂತಿತ್ತು. ಕ್ಯಾಂಪಿಗೆ ಇನ್ನೂ ಅರ್ಧ ದಾರಿ ಇರುವಾಗ ವಾಹನಗಳ ಸಾಲಿಗೆ ಸಿಕ್ಕಿ ಎರಡು ತಾಸು ತೆವಳಿದೆವು; ಎಂಜಿನ್ ಕಾದೀತೆಂದು ರಫೀಕ್ ಏಸಿ ನಿಲ್ಲಿಸಿ ಕಿಟಕಿ ಇಳಿಸಿದ. ಮುಂದೆ ಒಂದು ಪೆಟ್ರೋಲ್ ಬಂಕಿನಲ್ಲಿ ಅವನೂ ಕುಮಾರನೂ ಚಹಾ ತರಲು ಹೋದರು. ರುದ್ರಣ್ಣ ನನ್ನ ತೊಡೆಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಸರಿಸಿದ. ಅನ್ನ ಗಟ್ಟಿಯಾಗಿ, ಬೆಳ್ಳಗೆ, ಬೆರಳಿಟ್ಟರೆ ಗುರುತು ನಿಲ್ಲುವಂತೆ ಹೆಪ್ಪಾಗಿತ್ತು. ಅವನು ಕೈಯಿಂದಲೇ ಒಂದು ತುತ್ತು ಬಾಯಿಗಿಟ್ಟ. ಇನ್ನೊಂದು. ಹಾಗೇ ಅರ್ಧ ಡಬ್ಬಿ ಖಾಲಿ ಮಾಡಿದ.

ನಾನು ತಡೆಯಲಾರದೆ ಕೇಳಿದೆ, “ಖಾನಾವಳಿಗೆ ಅವನೇನಾ ಅಣ್ಣಾ?”

“ಹೂಂ ಕಣೋ.” ಅವನು ನನ್ನ ಮುಖ ನೋಡಲಿಲ್ಲ. “ಬೈಕೋಬ್ಯಾಡ. ಖಾನಾವಳಿಗೆ ಬಂದೋನು ಬಸ್ ಬಿಟ್ಟೀತು ಅಂತ ಅವಸರದಾಗ ಇರ್ತಾನೆ. ಅವನ ಮುಂದೆ ಬಿಸೀದು ಬೀಳ್ಬೇಕು. ಕುಮಾರಂಗೆ ಆ ಕೈ ಐತೆ. ನಿಂದು ಅಜ್ಜಿ ಕೈ. ಕಾಯ್ದು ಉಣ್ಣೋರಿಗೆ ಅದು.” ಬೆರಳು ನೆಕ್ಕಿ, “ಏಳು ವರ್ಷ ನಾನೇ ಕಾಯ್ದು ಉಂಡೀನಲ್ಲ, ನಂಗೆ ಗೊತ್ತಿಲ್ಲೇನು?” ಎಂದ.

ಇಷ್ಟು ಕರಾರುವಾಕ್ಕಾಗಿ ತಿರಸ್ಕೃತನಾದ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅವನು ಹೇಳಿದ್ದು ಸುಳ್ಳಲ್ಲವಲ್ಲ ಎಂಬುದೇ ದೊಡ್ಡ ತೊಂದರೆ. ಸುಳ್ಳಾಗಿದ್ದರೆ ಹೊಟ್ಟೆಕಿಚ್ಚು ಇನ್ನೂ ನಾಲ್ಕು ವರ್ಷ ಸುಖವಾಗಿ ಉರಿಯುತ್ತಿತ್ತು. ನಿಜದ ಮೇಲೆ ಅದು ಹೊಗೆಯಾಡುತ್ತದೆ ಅಷ್ಟೇ, ಕಣ್ಣಿಗೆ ಮಾತ್ರ ಉರಿ. ಚಹಾ ಬಂತು. ಕುಮಾರ ನನಗೊಂದು ಲೋಟ ಕೊಟ್ಟು, “ಅಣ್ಣಾ, ಮೊಸರನ್ನ ಮುಗಿಸೇಬಿಟ್ರಾ? ನಂಗೆ ಇಟ್ಟೇ ಇಲ್ಲಲ್ಲ!” ಎಂದ. ರುದ್ರಣ್ಣನ ಕೈಯಿಂದ ಡಬ್ಬಿ ತೆಗೆದು, ಉಳಿದರ್ಧದ ಮೇಲೆ ನಾನು ಮುಚ್ಚಳ ಒತ್ತಿದೆ.

ಮರು ವರ್ಷ ರಜೆಯಲ್ಲಿ ಊರಿಗೆ ಹೋದಾಗ ಹೊನ್ನಾಳಿಗೂ ಹೋದೆ. ಮಧ್ಯಾಹ್ನದ ಹೊತ್ತು, ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಲ್ಲಾದಲ್ಲಿದ್ದ ರುದ್ರಣ್ಣ ನನ್ನನ್ನು ಕಂಡವನೇ ಎದ್ದು ನಿಂತು, ಉಣ್ಣುತ್ತಿದ್ದವರಿಗೆಲ್ಲ ಕೇಳುವಂತೆ, “ನೋಡ್ರಿ, ಇವ್ನು ನಮ್ ಶೇಖರ! ಏಳು ವರ್ಷ ಒಂದೇ ರೂಮು! ಇವನ ಕೈಯಾಗಿನ ಮೊಸರನ್ನ ಉಂಡಿಲ್ಲ ನೀವು!” ಎಂದು ಕೂಗಿದ. ಅವಸರ ನೋಡಿ ನಾನು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಬಡಿಸತೊಡಗಿದೆ. ಮೂಲೆಯ ಮೇಜಿನ ಮುದುಕರೊಬ್ಬರು, “ಇವರು ಬಡಿಸೋದು ಚೆಂದ ಐತೆ ಕಣ್ರಿ, ನಿಧಾನಕ್ಕೆ” ಅಂದರು. ಒಳಗಿನಿಂದ ಕುಮಾರ ಬಂದ. ನಗುತ್ತಲೇ ಬಂದ, ಆದರೆ ಕಣ್ಣು ನಗುತ್ತಿರಲಿಲ್ಲ; ಅಲ್ಲಿದ್ದ ಉರಿಯ ಗುರುತು ನನಗಿತ್ತು. “ಅಣ್ಣಾ, ನೀನು ಪ್ರಯಾಣ ಮಾಡಿ ಬಂದೀಯ, ಕೂತ್ಕೋ” ಎಂದು ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡ.

ನಾನು ಕೊಟ್ಟು ಕುಳಿತೆ. ನನ್ನ ತಟ್ಟೆಗೆ ಎರಡು ರೊಟ್ಟಿ ಹಾಕಿ ಅವನು ಮುಂದಿನ ಮೇಜಿಗೆ ಹೋದ. ಅಲ್ಲಿಂದ ತಿರುಗಿ ಬಂದು, ಕೇಳದೆಯೇ ಇನ್ನೊಂದು ಹಾಕಿದ.