ಪುಟ್ಟಿ ಮಾವ ಮುಚ್ಚಿದ ತೂತುಗಳು

"ಪುಟ್ಟೀ" ಎಂದು ಯಾರಾದರೂ ಕೂಗಿದರೆ ಎರಡು ಜಡೆಯ ಹುಡುಗಿಯೊಬ್ಬಳು ಓಡಿಬರುತ್ತಾಳೆ ಎಂದು ನೀವು ಕಾದರೆ ಅದು ನಿಮ್ಮ ತಪ್ಪಲ್ಲ. ಬಸ್ ಡಿಪೋಗೆ ಹೊಸದಾಗಿ ಸೇರಿದ ಕಂಡಕ್ಟರುಗಳೆಲ್ಲ ಹಾಗೇ ಕಾದವರು. ಬರುತ್ತಿದ್ದದ್ದು ಮಾತ್ರ ಬಾಗಿಲು ತುಂಬುವಂಥ ಆಳು, ದಪ್ಪ ಮೀಸೆ, ಕೈಯಲ್ಲಿ ಪುಟ್ಟಿ ಬಳಿಯುವ ತಗಡಿನ ಪಟ್ಟಿ. ಬಸ್ಸಿನ ಮೈಮೇಲೆ ಎಲ್ಲಿ ತಗ್ಗು, ಎಲ್ಲಿ ತೂತು ಕಂಡರೂ ಪುಟ್ಟಿ ಮೆತ್ತಿ, ಉಜ್ಜಿ, ನಯ ಮಾಡಿ ಬಣ್ಣ ಹೊಡೆಯುವುದು ಅವರ ಕೆಲಸ. ಕೆಲಸದ ಹೆಸರೇ ಮನುಷ್ಯನಿಗೆ ಅಂಟಿತು. ಅಕ್ಕನ ಮಗಳು ಅದಕ್ಕೊಂದು ಮಾವ ಸೇರಿಸಿದ ಮೇಲೆ ಇಡೀ ಬೀದಿಗೆ ಅವರು ಪುಟ್ಟಿ ಮಾವ.

ತೂತು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ನಿವೃತ್ತರಾದ ಮೇಲೆ ಮನೆಯ ಗೋಡೆಯಲ್ಲಿ ಮೊಳೆ ಕಿತ್ತ ಗುರುತು ಒಂದೂ ಉಳಿಯಲಿಲ್ಲ. ಗಡಿಯಾರ ತೂಗುಹಾಕಲೆಂದು ಹೆಂಡತಿ ಆಗಷ್ಟೇ ಕೊರೆಸಿದ್ದ ತೂತನ್ನೂ ಒಮ್ಮೆ ಮುಚ್ಚಿಬಿಟ್ಟರು. "ನಿಮ್ಮ ಮುಂದೆ ಆಕಳಿಸೋಕೂ ಭಯ ಆಗುತ್ತೆ ಕಣ್ರೀ" ಎಂದಳು ಆಕೆ.

ಗೋಡೆ ಮುಗಿದ ಮೇಲೆ ಹಳೇ ಯಂತ್ರಗಳ ಹುಚ್ಚು ಹತ್ತಿತು. ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕು ತಿನ್ನುತ್ತಿದ್ದ ಸಾಣೆ ಯಂತ್ರ, ಹಿಡಿ ಮುರಿದ ಕೈ ಡ್ರಿಲ್, ಕಬ್ಬಿಣ ಕಚ್ಚಿ ಹಿಡಿಯುವ ಬಾಯಿ ಬಿಗಿದುಕೊಂಡು ತೆರೆಯಲೊಲ್ಲದ ವೈಸ್, ಎಲ್ಲ ಜಗುಲಿಗೆ ಬಂದವು. ಸೀಮೆಎಣ್ಣೆಯಲ್ಲಿ ಮುಳುಗಿ, ತಂತಿ ಬ್ರಷ್ಷಿನ ಪೆಟ್ಟು ತಿಂದು, ಬಣ್ಣ ಹೊಡೆಸಿಕೊಂಡು ಹೊಸ ಮದುಮಕ್ಕಳಂತೆ ಹೊರಟವು. ಬೇಕು ಎಂದವರಿಗೆ ಕೊಟ್ಟುಬಿಡುತ್ತಿದ್ದರು. ಜಗುಲಿಯಲ್ಲಿ ಒಂದು ಕುರ್ಚಿ ಹಾಕುವಷ್ಟು ಜಾಗ ಉಳಿದರೆ ಸಾಕು ಎಂಬುದು ಹೆಂಡತಿಯ ಏಕೈಕ ಬೇಡಿಕೆ, ಅದು ಈಡೇರಿದ ನೆನಪು ಯಾರಿಗೂ ಇಲ್ಲ.

ಜಗುಲಿಯ ಒಂದು ಪಕ್ಕವನ್ನಂತೂ ಭಾವನ ಲೇತ್ ಮೊದಲೇ ಹಿಡಿದಿತ್ತು. ಕಬ್ಬಿಣದ ತುಂಡನ್ನು ಗರಗರ ತಿರುಗಿಸುತ್ತ ಕೆತ್ತುವ, ಆಳುದ್ದದ ಭಾರೀ ಯಂತ್ರ. ಭಾವ ತೀರಿಕೊಂಡ ಮೇಲೆ ಅಕ್ಕ ಮತ್ತು ಮಗಳು ಹಳೇ ಬಾಡಿಗೆ ಮನೆ ಬಿಟ್ಟು ಮಹಡಿಯ ಮೇಲಿನ ಸಣ್ಣ ಮನೆಗೆ ಹೋದರು. ಲೇತ್ ಮೆಟ್ಟಿಲು ಹತ್ತುತ್ತದೆಯೇ? ಇಲ್ಲಿ ಬಂದು ಟಾರ್ಪಾಲಿನಡಿ ಕೂತಿತು. ಮಿಕ್ಕ ಯಂತ್ರಗಳಿಗೆಲ್ಲ ಕೈ ಹಾಕಿದ ಮಾವ ಇದೊಂದನ್ನು ಮುಟ್ಟಿರಲಿಲ್ಲ. ಮುಟ್ಟಲು ಧೈರ್ಯ ಸಾಲುತ್ತಿರಲಿಲ್ಲ ಎನ್ನುವುದೇ ಸರಿ.

ಅದಕ್ಕೆ ಕಾರಣವಿತ್ತು. ತಾಯಿ ಸತ್ತ ವರ್ಷವೇ ಅಕ್ಕನ ಮದುವೆಯಾಯಿತು. ತಂದೆ ಮೊದಲೇ ಇರಲಿಲ್ಲ. ಅಕ್ಕನ ಹಿಂದೆ ಬಟ್ಟೆಗಂಟು ಹಿಡಿದು ತಮ್ಮನೂ ಹೊರಟ. "ಸೊಸೆ ಜೊತೆ ಪುಕ್ಕಟೆ ಬಂದ ಸಾಮಾನು" ಎಂದು ಅಕ್ಕನ ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಅದು ನಗೆಮಾತಲ್ಲ ಎಂದು ಕೇಳಿದವರಿಗೆಲ್ಲ ತಿಳಿಯುತ್ತಿತ್ತು. ಮನೆಯೊಳಗೆ ಮಲಗಲು ಜಾಗವಿಲ್ಲ ಎಂದಾಗ ಭಾವ ವಾದಕ್ಕಿಳಿಯಲಿಲ್ಲ. ಹಿತ್ತಿಲಿನ ಶೆಡ್ಡಿನಲ್ಲಿ, ಲೇತಿನ ಪಕ್ಕದಲ್ಲಿ, ಹಲಗೆ ಜೋಡಿಸಿ ಮಂಚ ಮಾಡಿಕೊಟ್ಟರು. ಭಾವ ಅಳೆದು ತೂಗಿ ಮಾತಾಡುವವರು. ಹುಡುಗನಿಗೆ ಲೇತ್ ಕಲಿಸಲು ನೋಡಿದರು, ಇವನಿಗೆ ಕಬ್ಬಿಣ ಒಲಿಯಲಿಲ್ಲ. ಉಳಿದ ಬಣ್ಣದಲ್ಲಿ ಡಬ್ಬಿಯ ಮುಚ್ಚಳಗಳಿಗೆಲ್ಲ ಬಣ್ಣ ಬಳಿಯುತ್ತ ಕೂತಿದ್ದನ್ನು ಕಂಡು, ಒಂದು ದಿನ ಕೈ ಹಿಡಿದು ಬಸ್ ಡಿಪೋಗೆ ಕರೆದುಕೊಂಡು ಹೋಗಿ ಪೇಂಟರಿಗೆ ಒಪ್ಪಿಸಿ ಬಂದರು. ಇವತ್ತಿನ ಮನೆ, ಮಡದಿ, ತಟ್ಟೆಯ ಅನ್ನ ಎಲ್ಲ ಅಲ್ಲಿಂದ ಬಂದದ್ದು. ಇಷ್ಟಾದರೂ ಭಾವ ಬದುಕಿದ್ದಾಗ ಪುಟ್ಟಿ ಮಾವ ಒಂದು ಒಳ್ಳೆಯ ಮಾತು ಹೇಳಿದ್ದುಂಟೆ? ಹೇಳಬೇಕೆಂದು ಹೋದಾಗಲೆಲ್ಲ ಬಸ್ಸುಗಳ ವಿಷಯ ಮಾತಾಡಿ ಎದ್ದುಬಂದಿದ್ದರು.

ಹೀಗಿರುವಾಗ ಒಂದು ಸಂಜೆ ಅಕ್ಕನ ಮಗಳು ಬಂದು ಟಾರ್ಪಾಲು ಎತ್ತಿ ನೋಡಿದಳು. ಅವಳು ದೊಡ್ಡ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವಳು, ಕೈ ಕೆಲಸ ಥೇಟ್ ಅಪ್ಪನದು, ನಾಲಿಗೆ ಮಾತ್ರ ಅಮ್ಮನದು.

"ಮಾವ, ಇದು ಓಡುತ್ತಾ?"

"ಓಡದೆ ಏನು? ಯಾಕೆ?"

"ನಾನು ಕೆಲಸ ಬಿಟ್ಟೆ. ಬೀದಿ ಕೊನೇಲಿ ರೂಮು ಹಿಡಿದಿದ್ದೀನಿ. ಪಂಪ್ ರಿಪೇರಿಯವರು, ಸೈಕಲ್ ಅಂಗಡಿಯವರು ಕೆಲಸ ಕೊಡ್ತೀವಿ ಅಂದಿದ್ದಾರೆ. ಹೊಸ ಲೇತ್ ನನ್ನ ಕೈಗೆ ಎಟುಕಲ್ಲ. ಇದು ಓಡಿದ್ರೆ ನಾನು ಉಳ್ಕೊಂಡೆ, ಇಲ್ಲಾಂದ್ರೆ ಹೋಗಿ ಅದೇ ಸಾಹೇಬರ ಕಾಲು ಹಿಡೀಬೇಕು."

"ಯಾರ ಕಾಲೂ ಹಿಡಿಯೋದು ಬೇಡ. ನಾನಿದ್ದೀನಲ್ಲ" ಎಂದರು ಮಾವ. ಭಾವನ ಋಣ ತೀರಿಸಲು ದೇವರೇ ದಾರಿ ತೋರಿಸಿದನೆಂದು ಅವರಿಗೆ ಒಳಗೊಳಗೇ ಹಿಗ್ಗು.

ಮರುದಿನದಿಂದ ಜಗುಲಿಯಲ್ಲಿ ಬೇರೆ ಮಾತಿಲ್ಲ. ಮಾವ ಹಳೇ ಬಣ್ಣ ಕೆರೆದರು, ಮೂಲೆಮೂಲೆಗಳ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಉದ್ದದ ಹಳಿಗಳ ತುಕ್ಕನ್ನು ಎಣ್ಣೆ ಹಚ್ಚಿ ಮೆಲ್ಲಗೆ ತೆಗೆದು, ಬಣ್ಣ ಸಿಡಿಯದಂತೆ ಅವಕ್ಕೆ ಟೇಪು ಸುತ್ತಿದರು. ಒಂದು ಹಿಡಿಯ ಕೆಳಗೆ ಬೆರಳಗಲ ಮೂಲ ಬಣ್ಣ ಉಳಿದಿತ್ತು, ಎಳೇ ಹಸಿರು. ಅದಕ್ಕೆ ಸರಿಹೊಂದುವ ಹಸಿರು ಸಿಗುವವರೆಗೆ ಡಬ್ಬಿಯ ಮೇಲೆ ಡಬ್ಬಿ ಬೆರೆಸಿದರು. ಆಮೇಲೆ ಪುಟ್ಟಿ. ಯಂತ್ರದ ತಲೆಯ ಭಾಗದಲ್ಲಿ, ಕಬ್ಬಿಣ ಹಿಡಿದು ತಿರುಗಿಸುವ ಚಕ್ಕಿನ ಹಿಂದೆ, ಎರಡು ಪುಟ್ಟ ತೂತುಗಳಿದ್ದವು, ಒಳಗೆಲ್ಲ ಕರಿ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಹಿಂದೆ ಯಾವುದೋ ಫಲಕದ ಸ್ಕ್ರೂ ಇದ್ದಿರಬೇಕು, ಬಿದ್ದುಹೋಗಿದೆ ಎಂದುಕೊಂಡರು. ಪುಟ್ಟಿ ಮೆತ್ತಿದರು. ಎಮರಿ ಪೇಪರಿನಿಂದ ಎಷ್ಟು ನಯ ಮಾಡಿದರೆಂದರೆ ಅಲ್ಲಿ ತೂತಿತ್ತೆಂದು ತೂತಿಗೇ ನೆನಪಿರಲಿಕ್ಕಿಲ್ಲ. ಮೇಲೆ ಹಸಿರು ಬಣ್ಣ ಹೊಡೆದು, ದೂರ ನಿಂತು ನೋಡಿ, ಹೆಂಡತಿಯನ್ನೂ ಕರೆದು ತೋರಿಸಿದರು. ಆಕೆ ಕೂಡ ಚೆನ್ನಾಗಿದೆ ಎಂದಳು.

ಓಡಿಸಿ ನೋಡುವ ದಿನ ಅಕ್ಕನಿಗೂ ಬರಹೇಳಿದ್ದರು. ಮೊಣಕಾಲು ನೋವಿನ ಅಕ್ಕ ಆಟೋ ಹಿಡಿದು ಬರುವುದರೊಳಗೆ ಮಾವನಿಗೆ ತಡೆಯಲಾಗಲಿಲ್ಲ. ಹಳಿಗೆ ಎಣ್ಣೆ ಸವರಿದರು, ಸ್ಕ್ರೂಗಳಿಗೆ ಬಿಟ್ಟರು. "ತಲೆ ಒಳಗಿನ ಎಣ್ಣೆ?" ಎಂದು ಕೇಳಿದಾಗ ಅಕ್ಕನ ಮಗಳು, "ಒಳಗೇ ತುಂಬಿರುತ್ತಲ್ಲ ಮಾವ" ಎಂದಳು. ಅವಳು ಕೆಲಸ ಮಾಡಿದ್ದ ಹೊಸ ಲೇತುಗಳಲ್ಲಿ ಹಾಗೇ ಇತ್ತು. ಸ್ವಿಚ್ ಒತ್ತಿದಳು. ಚಕ್ ತಿರುಗಿತು. ಮಾವ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ಸುಟ್ಟ ವಾಸನೆ ಬಂತು, ಬೆಲ್ಟ್ ಕಿರ್ರೆಂದು ಚೀರಿತು, ಚಕ್ ಗಕ್ಕನೆ ನಿಂತುಬಿಟ್ಟಿತು. ಹಸಿರು ಬಣ್ಣದ ಮೇಲೆ ಗುಳ್ಳೆಗಳೆದ್ದವು.

ಅವಳು ಸ್ವಿಚ್ ಆರಿಸಿ ಚಕ್ಕಿಗೆ ಎರಡೂ ಕೈ ಹಾಕಿ ತಿರುಗಿಸಿದಳು. ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಕೈ ಒರೆಸಿಕೊಂಡು ಬಾಗಿ ಬೆಲ್ಟ್ ನೋಡತೊಡಗಿದಳು. ಬೈದಿದ್ದರೆ ವಾಸಿಯಿತ್ತು ಎನಿಸಿತು ಮಾವನಿಗೆ. ನೆಲದ ಮೇಲೆ ಕುಳಿತುಬಿಟ್ಟರು. ಭಾವ ಬದುಕಿನುದ್ದಕ್ಕೂ ಅನ್ನ ದುಡಿದ ಯಂತ್ರ, ಈ ಹುಡುಗಿಯ ಮುಂದಿನ ಅನ್ನ, ಎರಡನ್ನೂ ತಾನೇ ಹಾಳು ಮಾಡಿದೆನಲ್ಲ ಎಂದು ತಲೆ ಚಚ್ಚಿಕೊಂಡರು.

ಅಷ್ಟರಲ್ಲಿ ಅಕ್ಕ ಬಂದಳು. ಆಟೋದವನನ್ನು ಬಾಗಿಲವರೆಗೂ ಬೈದುಕೊಂಡೇ ಬಂದಳು. ಕೈಚೀಲದಿಂದ ಬಟ್ಟೆ ಸುತ್ತಿದ, ಉದ್ದ ಮೂತಿಯ ಎಣ್ಣೆ ಡಬ್ಬಿ ತೆಗೆದಳು. "ಇದಕ್ಕೆ ಕುಡಿಸದೆ ಓಡಿಸಬೇಡಿ ಅಂತ ಹೇಳೋಣ ಅಂತಲೇ..." ಎನ್ನುತ್ತ ಇಬ್ಬರ ಮುಖ ನೋಡಿ ನಿಲ್ಲಿಸಿದಳು. ಲೇತಿನ ತಲೆಯ ಮೇಲೆ ಕೈಯಾಡಿಸಿದಳು. ಇನ್ನೊಮ್ಮೆ ಆಡಿಸಿದಳು.

"ಏನೋ ಇದು? ಇದರ ಬಾಯಿ ಎಲ್ಲೋ?"

"ಯಾವ ಬಾಯಿ?"

"ಎಣ್ಣೆ ಕುಡಿಯೋ ಬಾಯಿ! ಇಲ್ಲಿ ಎರಡು ತೂತಿತ್ತಲ್ಲ?"

ಪುಟ್ಟಿ ಮಾವನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಅಕ್ಕ ಅವರ ಮುಖ ನೋಡಿದಳು, ನಯವಾದ ಹಸಿರನ್ನು ನೋಡಿದಳು, ಆಮೇಲೆ ನಕ್ಕಳು ನೋಡಿ, ಮೊಣಕಾಲು ಹಿಡಿದುಕೊಂಡು ನಕ್ಕಳು. "ಅಯ್ಯೋ ಪುಣ್ಯಾತ್ಮ! ಮೂಕ ಯಂತ್ರದ ಬಾಯಿ ಮುಚ್ಚಿಸಿದ್ದೀಯಲ್ಲೋ! ನನ್ನ ಬಾಯಿ ಮುಚ್ಚಿಸೋಕೆ ಇಡೀ ಊರಿಗೇ ಆಗಲಿಲ್ಲ!"

ಮಗಳಿಗೂ ನಗು ಬಂತು. ಮಾವ ನಗಲಿಲ್ಲ. ಸಣ್ಣ ಡ್ರಿಲ್ ಮೊನೆ ತಂದು, ಕೈಯಲ್ಲೇ ತಿರುಗಿಸುತ್ತ, ತಾನು ಮೆತ್ತಿದ ಪುಟ್ಟಿಯನ್ನು ತಾನೇ ಕೆರೆದು ತೆಗೆದರು. ಹುಡಿ ಒಳಗೆ ಬೀಳದಂತೆ ಊದುತ್ತ, ಬಟ್ಟೆಯಿಂದ ಎತ್ತುತ್ತ, ಅದರಡಿಯ ಕರಿ ಜಿಡ್ಡನ್ನೂ ಪೂರ್ತಿ ತೆಗೆದರು. ಅಕ್ಕ ಡಬ್ಬಿಯ ಮೂತಿ ಇಟ್ಟು ಎಣ್ಣೆ ಬಿಟ್ಟಳು. ಕಬ್ಬಿಣ ತಣ್ಣಗಾಗುವವರೆಗೆ ಕಾದರು, ಮತ್ತೆ ಬಿಟ್ಟಳು. ಅಕ್ಕನ ಮಗಳು ಚಕ್ಕಿಗೆ ಕೈ ಹಾಕಿ ಜೋರು ಮಾಡಿದಳು. ಮೊದಲು ಹಟ ಹಿಡಿಯಿತು. ಆಮೇಲೆ ಒಂದಿಷ್ಟು ಸರಿದು, ಇನ್ನಷ್ಟು ಸರಿದು, ಸಲೀಸಾಗಿ ಸುತ್ತಿತು. ಸ್ವಿಚ್ ಒತ್ತಿದರೆ ಗುಂಯ್ ಎಂದು ಓಡತೊಡಗಿತು. ಅವಳು ಕಿವಿಗೊಟ್ಟು ಕೇಳಿ, ತಲೆಯ ಮೇಲೆ ಅಂಗೈ ಇಟ್ಟು ಬಿಸಿ ನೋಡಿ, "ಸ್ವಲ್ಪ ಉಜ್ಜಿದೆ ಅಷ್ಟೆ ಮಾವ, ಏನೂ ಆಗಿಲ್ಲ" ಎಂದಳು. ಆ ಮಾತಿಗೆ ಪುಟ್ಟಿ ಮಾವ ಅವಳಿಗೂ, ದೇವರಿಗೂ, ಲೇತಿಗೂ ಒಟ್ಟಿಗೆ ಕೈಮುಗಿದರು.

ಅವಳು ಕಬ್ಬಿಣದ ತುಂಡು ಕಚ್ಚಿಸಿ ಕೆಲಸಕ್ಕೆ ನಿಂತ ಮೇಲೆ ಅಕ್ಕ, ತಮ್ಮ ಇಬ್ಬರೂ ಜಗುಲಿಯ ಮೆಟ್ಟಿಲ ಮೇಲೆ ಕುಳಿತರು.

"ಅಷ್ಟು ವರ್ಷ ಅದರ ಪಕ್ಕದಲ್ಲೇ ಮಲಗಿದ್ದೀನಿ ಅಕ್ಕ. ಎಣ್ಣೆ ಹಾಕೋದು ಒಂದು ದಿನಾನೂ ನೋಡಲಿಲ್ಲ ನೋಡು."

"ನೋಡೋಕೆ ನೀನೆಲ್ಲಿ ಎದ್ದಿರ್ತಿದ್ದೆ? ದಿನಾ ಬೆಳಿಗ್ಗೆ ನಾನೇ ಹಾಕ್ತಿದ್ದೆ."

"ಭಾವ ಹಾಕ್ತಿರಲಿಲ್ವಾ?"

"ಅವರಿಗೇನು ಕೈ ಇರಲಿಲ್ವಾ?" ಅಕ್ಕ ಡಬ್ಬಿಯ ಮೂತಿ ಒರೆಸುತ್ತ ಹೇಳಿದಳು. "ಮೊದಮೊದಲು ನೀನು ರಾತ್ರಿ ಅಳ್ತೀಯೇನೋ, ಹೊದಿಕೆ ಸರಿದಿದೆಯೇನೋ ಅಂತ ನನಗೆ ಜೀವ ತಡೀತಿರಲಿಲ್ಲ. ಬೆಳಿಗ್ಗೆ ಎದ್ದು ನಿನ್ನ ನೋಡೋಕೆ ಶೆಡ್ಡಿಗೆ ಹೋದ್ರೆ ಅತ್ತೆ, 'ಶುರುವಾಯ್ತು ತಮ್ಮನ ಸೇವೆ' ಅಂತ ಮನೆ ತುಂಬಾ ಆಡೋರು. ಹೋಗೋದು ಬಿಟ್ಟೆ. ಒಳಗೊಳಗೇ ಅಳ್ತಿದ್ದೆ. ಒಂದು ದಿನ ನಿಮ್ಮ ಭಾವ ಎಲ್ಲರ ಮುಂದೆ ಈ ಡಬ್ಬಿ ನನ್ನ ಕೈಗೆ ಕೊಟ್ಟು, 'ನಾಳೆಯಿಂದ ಬೆಳಿಗ್ಗೆ ಲೇತಿಗೆ ಎಣ್ಣೆ ಹಾಕೋ ಕೆಲಸ ನಿಂದು, ತಪ್ಪಿಸಬೇಡ' ಅಂತ ಗದರಿದ್ರು. ಅವರು ಗದರಿದ್ದು ಅದೊಂದೇ ಸಲ. ಆಮೇಲೆ ಯಾರೂ ಏನೂ ಅನ್ನೋ ಹಾಗಿರಲಿಲ್ಲ."

ಪುಟ್ಟಿ ಮಾವನಿಗೆ ಕಣ್ಣು ತುಂಬಿ ಬಂತು. ತಾನು ಯಾರಿಗೂ ಬೇಡದವನು, ಶೆಡ್ಡಿಗೆ ತಳ್ಳಿಸಿಕೊಂಡವನು ಎಂಬ ಸಣ್ಣ ನೋವೊಂದು ಈ ವಯಸ್ಸಿನವರೆಗೂ ಅವರೊಳಗೆ ಉಳಿದಿತ್ತು. ಅದನ್ನು ಹೆಂಡತಿಗೂ ಹೇಳಿಕೊಂಡಿರಲಿಲ್ಲ.

"ಅಕ್ಕ, ನೀನು, ಭಾವ... ನೀವಿಬ್ಬರೂ ಇಲ್ಲದಿದ್ರೆ ನಾನು ಏನಾಗ್ತಿದ್ದೆ? ನಿಮ್ಮ ಉಪಕಾರ ದೊಡ್ಡದು ಅಕ್ಕ. ಅವರಿಗೆ ಹೇಳೋಕಾಗಲಿಲ್ಲ, ನಿನಗಾದ್ರೂ ಹೇಳ್ತಿದ್ದೀನಿ." ಮೂಗೊರೆಸಿಕೊಂಡು, "ದಿನಾ ಬರ್ತಿದ್ಯಾ?" ಎಂದರು.

"ದಿನಾ."

"ಎರಡು ತೂತಿಗೆ ಎಣ್ಣೆ ಹಾಕೋದು ಎಷ್ಟು ಹೊತ್ತಿನ ಕೆಲಸ ಅಕ್ಕ? ಬಂದ ಹಾಗೇ ವಾಪಸ್ ಹೋಗಬೇಕಾಗ್ತಿತ್ತಲ್ಲ, ನನ್ನ ನೋಡೋಕೆ ಹೊತ್ತೆಲ್ಲಿ?"

"ತೊಟ್ಟು ತೊಟ್ಟಾಗಿ ಹಾಕ್ತಿದ್ದೆ" ಎಂದಳು ಅಕ್ಕ.