ಚಿಕ್ಕಪ್ಪನ ಇಗ್ವಾನಾ

ಹೊಂಗನೂರಿನಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ನಮ್ಮ ಚಿಕ್ಕಪ್ಪ ಮದುವೆಯಾಗಿರಲಿಲ್ಲ. ಜೊತೆಗೆ ಇದ್ದದ್ದು ಒಂದು ಇಗ್ವಾನಾ, ಓತಿಕ್ಯಾತದಂಥದೇ ದೊಡ್ಡ ಪ್ರಾಣಿ. ಅದಕ್ಕೊಂದು ಗಾಜಿನ ಪೆಟ್ಟಿಗೆ, ಮೇಲೆ ಅದಕ್ಕೆಂದೇ ಬೇರೆ ಥರದ ಟ್ಯೂಬ್‌ಲೈಟು. ಎದೆನೋವು ಬಂದು ಚಿಕ್ಕಪ್ಪ ಹೋದ ಮೇಲೆ ಆ ಹಸಿರು ಪ್ರಾಣಿ ಚನ್ನಪಟ್ಟಣದ ನಮ್ಮ ಮನೆಗೆ ಬಂತು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ.

ಚಿಕ್ಕಪ್ಪ ಹಾಕುತ್ತಿದ್ದುದನ್ನೇ ನಾನೂ ಹಾಕಿದೆ: ಹಿಪ್ಪುನೇರಳೆ ಸೊಪ್ಪು, ನುಗ್ಗೆ ಸೊಪ್ಪು, ಒಮ್ಮೊಮ್ಮೆ ದಾಸವಾಳ. ಬೆಳಗ್ಗೆ ದೀಪ ಹಾಕಿ ಕತ್ತಲಾದಾಗ ಆರಿಸುತ್ತಿದ್ದೆ. ಚೆನ್ನಾಗಿ ತಿನ್ನುತ್ತಿತ್ತು. ಎರಡು ತಿಂಗಳಾದ ಮೇಲೆ ಅದು ದಿನಾ ಸಂಜೆ ಐದರ ಸುಮಾರಿಗೆ ಬಾಗಿಲ ಕಡೆ ತಿರುಗಿ, ಗಂಟಲ ಚರ್ಮ ಅಗಲಿಸಿ, ತಲೆ ಆಡಿಸತೊಡಗಿತು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಚಿಕ್ಕಪ್ಪ ತೋಟದಿಂದ ಬರುತ್ತಿದ್ದ ಹೊತ್ತು ಅದು.

“ನಿಮ್ ಚಿಕ್ಕಪ್ಪ ಬಂದವ್ನೆ ಕಣೆ,” ಅಂದರು ಅಮ್ಮ. “ಅದುಕ್ ಕಾಣ್ತೈತೆ.”

ಆ ವಾರವೇ ಅದರ ಬೆರಳು ಅದುರಲು ಶುರುವಾಯಿತು. ಮೈಯೆಲ್ಲ ಕಲ್ಲಿನ ಹಾಗೆ ಸ್ತಬ್ಧ, ಬೆರಳುಗಳು ಮಾತ್ರ ಯಾರೋ ದಾರ ಕಟ್ಟಿ ಎಳೆದಂತೆ ಕುಣಿಯುತ್ತಿದ್ದವು. ದವಡೆ ಮುಟ್ಟಿದರೆ ರಬ್ಬರಿನಂತೆ ಬಾಗಿತು. ಅಮ್ಮ ಪೆಟ್ಟಿಗೆಗೆ ವಿಭೂತಿ ಬಳಿದರು. ನಾನು ಅದನ್ನು ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಕಟ್ಟಿ, ರಾಮನಗರದ ಬಸ್ಸು ಹತ್ತಿದೆ.

ಅಲ್ಲಿನ ಪಶುವೈದ್ಯೆ ಟ್ಯೂಬ್ ಹಾಕಿ ಎಷ್ಟು ದಿನವಾಯಿತೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪನ ಕಾಲದ್ದು, ಈಗಲೂ ಉರಿಯುತ್ತಿದೆ ಎಂದೆ.

“ಉರಿಯೋದು ನಿಮ್ಮ ಕಣ್ಣಿಗಷ್ಟೇ,” ಅಂದರು. “ಇದಕ್ಕೆ ಬೇಕಾದ ಬೆಳಕು ಅದರಲ್ಲಿ ಯಾವಾಗಲೋ ಸತ್ತುಹೋಗಿದೆ.”

ಆ ಬೆಳಕಿಲ್ಲದಿದ್ದರೆ ಎಷ್ಟು ಸೊಪ್ಪು ತಿಂದರೂ ಸುಣ್ಣದಂಶ ಮೂಳೆಗೆ ಹತ್ತುವುದಿಲ್ಲವಂತೆ. ಝಗಮಗ ದೀಪದ ಕೆಳಗೆ, ಹೊಟ್ಟೆ ತುಂಬ ತಿನ್ನುತ್ತಲೇ, ಅದು ನನ್ನ ಕಣ್ಣೆದುರು ಸಾಯುತ್ತಿತ್ತು.

ಕ್ಯಾಲ್ಸಿಯಂ ಹನಿ ಕೊಟ್ಟೆ, ಹೊಸ ಟ್ಯೂಬ್ ತರಿಸಿದೆ. ಬಿಸಿಲಿನಲ್ಲೂ ಆ ಬೆಳಕಿದೆ, ಗಾಜು ಅದನ್ನು ತಡೆಯುತ್ತದೆ ಎಂದು ತಿಳಿದ ಮೇಲೆ ಪೆಟ್ಟಿಗೆಯಿಂದ ತೆಗೆದು ದಿನಾ ಬೆಳಗ್ಗೆ ತಾರಸಿಯ ಎಳೆಬಿಸಿಲಿಗೆ ಒಯ್ದೆ. ದವಡೆ ಗಟ್ಟಿಯಾಯಿತು, ಬೆರಳು ಅದುರುವುದು ನಿಂತಿತು. ಒಂದು ಹಿಂಗಾಲು ಸೊಟ್ಟಗೇ ಉಳಿಯಿತು. ಸಂಜೆಯ ತಲೆಯಾಟವೂ ನಿಲ್ಲಲಿಲ್ಲ.

ಒಂದು ಬೆಳಗ್ಗೆ ತಾರಸಿಯಲ್ಲಿ ಅದು ಎರಡೂ ಕಣ್ಣು ಮುಚ್ಚಿ ಮಲಗಿತ್ತು. ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಂಡಿತು, ಮೇಲೆ ಏನೋ ಹಾದುಹೋದಂತೆ. ನಾನು ತಲೆಯೆತ್ತಿದೆ. ಹದ್ದಿಲ್ಲ, ಮೋಡವಿಲ್ಲ.

ಮುಂದಿನ ಸಲ ಹೋದಾಗ ವೈದ್ಯೆಗೆ ಹೇಳಿದೆ. ಅವರು ಅದರ ನೆತ್ತಿಯ ಮೇಲಿನ ಮಂಕಾದ ಹುರುಪೆಯೊಂದನ್ನು ತೋರಿಸಿದರು. ಅದೂ ಒಂದು ಕಣ್ಣೇ, ರೂಪ ಕಾಣುವುದಿಲ್ಲ, ನೆರಳು ಮಾತ್ರ ತಿಳಿಯುತ್ತದೆ, ಹಕ್ಕಿ ಹಾರಿರಬೇಕು ಅಂದರು.

ಆ ಬೆಳಗ್ಗೆ ಯಾವ ಹಕ್ಕಿಯೂ ಹಾರಿರಲಿಲ್ಲ. ಮನೆಗೆ ಬಂದು ಹೊಸ ಸೊಪ್ಪು ಹಾಕಿದೆ. ತಿಂದಿತು.