ಅವ್ವನನ್ನು ಬೆಳ್ಳಗೆ ಮಾಡಿದ ಕ್ಯಾಮೆರಾ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಅವ್ವನ ಜೊತೆ ಮಡಗಾಂವ್‌ನ ಅಂಗಡಿಯೊಂದಕ್ಕೆ ಹೋಗಿ, ಜೇಬಿನಲ್ಲಿ ಹಿಡಿಸುವ, ಆದರೆ ಬೆಳಕು, ಫೋಕಸ್ ಎಲ್ಲ ನಾನೇ ಹೊಂದಿಸಬಹುದಾದ ಕ್ಯಾಮೆರಾ ಕೇಳಿದೆ. ಅಂಗಡಿಯವನು ನಮ್ಮ ವಿಜಯಪುರದ ಕಡೆಯವನೇ. ಒಂದನ್ನು ತೆಗೆದು, ಕೇಳದೆಯೇ ಅವ್ವನ ಫೋಟೋ ಹೊಡೆದ.

"ನೋಡ್ರಿ ಅಕ್ಕಾರ, ಅವ್ವಾರು ಎಷ್ಟ ಬೆಳ್ಳಗ ಬಂದಾರ!"

ಪರದೆಯ ಮೇಲೆ ಸುಕ್ಕಿಲ್ಲದ, ಹಿಟ್ಟು ಬಳಿದಂಥ ಮುಖ. ಇದೇ ಊರಿನ ಫಾತೋರ್ಡಾದ ಬಿಸಿಲಲ್ಲಿ ವರ್ಷಗಟ್ಟಲೆ ಇಟ್ಟಿಗೆ ಹೊತ್ತ ಅವ್ವ ಅಲ್ಲಿರಲೇ ಇಲ್ಲ.

"ಇದ್ದಂಗ ಬರಬೇಕ್ರಿ," ಎಂದೆ.

"ಇದ್ದಂಗ ಬಂದ್ರ ಯಾರು ನೋಡ್ತಾರ್ರೀ?" ಎಂದು ನಕ್ಕ.

ಅವ್ವ ಸಿಡಿದಳು: "ನನ್ನ ಬಣ್ಣ ತೊಳದ್ರ ಹೋಗೂ ಹೊಲಸಲ್ಲೋ ತಮ್ಮಾ. ಮದ್ಲ ಆ ಫೋಟೋ ಅಳಸು!"

ಅವನು ಅಳಿಸಿದ ಮೇಲೆಯೇ, ಏನೂ ಕೊಳ್ಳದೆ ಹೊರಟೆವು. ಹಿಂದಿನಿಂದ ಕೂಗಿದ: "ಅಕ್ಕಾರ, ಬ್ಲ್ಯಾಕ್ ಆ್ಯಂಡ್ ವೈಟೂ ಐತ್ರಿ!"

ಅಲ್ಲಿಯವರೆಗೂ ನಾನು ಬೈದಿರಲಿಲ್ಲ.